ನಾಟಕದ ಹಾಡುಗಳೂ ನಮ್ಮ ಕರ್ತವ್ಯವೂ

ಕುಂಬಾರಕೊಪ್ಪಲಿನ ನೆರೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ವಾಚಕ ಮಹಾಶಯರೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಪೌರಾಣಿಕ ನಾಟಕದ ತಾಲೀಮೆಂಬ ಹೆಸರಿನಲ್ಲಿ ಕೊಪ್ಪಲಿನವರು ಧ್ವನಿವರ್ಧಕವನ್ನು ಕಟ್ಟಿ, ಹಾರ್ಮೋನಿಯಂ ಬಾರಿಸಿಕೊಂಡು, ಸರಿರಾತ್ರಿಯವರೆಗೆ ಹಾಡುತ್ತಾರೆಂದೂ, ಬೆಳಗಾಗೆದ್ದು ಕೆಲಸಕ್ಕೆ ಹೋಗಬೇಕಾದವರಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಇದರಿಂದ ನಿದ್ರೆಯಿಲ್ಲದಂತಾಗಿದೆಯೆಂದೂ ಅವರು ದೂರಿಕೊಂಡಿದ್ದಾರೆ. ಅಷ್ಟಕ್ಕೆ ನಿಲ್ಲಿಸದೆ, ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಹಾಕಿದ್ದಾರೆ: ಈ ಹಾಡುಗಳು ಸಂಗೀತವೂ ಅಲ್ಲ, ಸಾಹಿತ್ಯವೂ ಅಲ್ಲ; ಇವು ನಿಂತುಹೋದರೆ ನಾಡಿಗೆ ಆಗುವ ನಷ್ಟವಾದರೂ ಏನು?

ದೂರು ಒಂದು, ಪ್ರಶ್ನೆ ಒಂದು. ಇವೆರಡನ್ನೂ ಬೇರೆಬೇರೆಯಾಗಿಟ್ಟು ವಿಚಾರ ಮಾಡುವುದು ನ್ಯಾಯವೆಂದು ನಮಗೆ ತೋರುತ್ತದೆ. ದೂರಿನ ವಿಷಯದಲ್ಲಿ ನಾವು ಪತ್ರ ಬರೆದವರ ಪಕ್ಷದವರು. ಪ್ರಶ್ನೆಯ ವಿಷಯದಲ್ಲಿ ಅವರ ಪ್ರತಿಪಕ್ಷದವರು.

ಮೊದಲು ದೂರಿನ ಮಾತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. 2010ರ ತಿದ್ದುಪಡಿಯ ತರುವಾಯ ವಾದ್ಯಗಳಿಗೂ ಇದೇ ಕಟ್ಟು ಅನ್ವಯಿಸುತ್ತದೆ. ಜನವಸತಿಯ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಕೂಡದೆಂದು ಮಿತಿಯನ್ನೂ ಹಾಕಲಾಗಿದೆ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ ಒಟ್ಟು 15 ದಿನಗಳಿಗೆ ಮೀರದಂತೆ, ರಾತ್ರಿ 10ರಿಂದ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಮುಚ್ಚಿದ ಸಭಾಭವನದ ಒಳಗೆ ನಡೆಯುವುದಕ್ಕೆ ಈ ನಿಷೇಧವಿಲ್ಲ. ಕಾನೂನು ಹೀಗೆ ಸ್ಪಷ್ಟವಾಗಿರುವಾಗ ತಾಲೀಮಿಗೆ ಧ್ವನಿವರ್ಧಕವನ್ನು ಕಟ್ಟುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ನೆರೆಯವನ ನಿದ್ರೆಯನ್ನು ಕೆಡಿಸಿ ಪಡೆದ ಪುಣ್ಯವು ಶ್ರೀಕೃಷ್ಣನ ಪಾತ್ರಧಾರಿಗೂ ದಕ್ಕುವಂತಹುದಲ್ಲ.

ಇನ್ನು ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ನಾವು ಸುಮಾರು ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕು.

1870ರ ಹೊತ್ತಿಗೆ ಕನ್ನಡ ನಾಡಿನಲ್ಲಿ ಹಾಡಿಗೇನೂ ಬಡತನವಿರಲಿಲ್ಲ. ಮೈಸೂರು ಸೀಮೆಯಲ್ಲಿ ಮೂಡಲಪಾಯದ ಬಯಲಾಟ, ಕಂಸಾಳೆಯವರ ಮಾದೇಶ್ವರನ ಕಥೆ, ನೀಲಗಾರರ ಮಂಟೇಸ್ವಾಮಿಯ ಕಾವ್ಯ, ಕರಾವಳಿಯಲ್ಲಿ ಯಕ್ಷಗಾನ, ಉತ್ತರ ಭಾಗದಲ್ಲಿ ಲಾವಣಿ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ, ಶಿಶುನಾಳ ಶರೀಫರ (1819–1889) ತತ್ತ್ವಪದಗಳು. ಇವುಗಳ ಪ್ರಭಾವವು ನಮ್ಮ ಎಲ್ಲೆಯೊಳಗೇ ನಿಂತಿರಲಿಲ್ಲ. 1843ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿ ಮರಾಠಿ ರಂಗಭೂಮಿಗೆ ತಳಹದಿ ಹಾಕಿದ್ದಕ್ಕೆ, ಅಲ್ಲಿಗೆ ಹೋಗಿದ್ದ ಉತ್ತರ ಕನ್ನಡದ ಕಡೆಯ ಭಾಗವತರ ಆಟವೇ ಪ್ರೇರಣೆಯಾಯಿತೆಂಬುದು ಪ್ರಸಿದ್ಧವಾದ ಸಂಗತಿ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಕನ್ನಡ ನಾಡಿನ ಧಾಟಿಗಳು ಅವರ ನಾಟಕಗಳಲ್ಲಿ ಮರಾಠಿಯ ಉಡುಗೆಯುಟ್ಟು ಮೆರೆದವು. ನಾವು ಕೊಟ್ಟ ಬೀಜವು ನೆರೆಯವರ ಹೊಲದಲ್ಲಿ ಫಲಿಸಿ, ಆ ಫಲವೇ ಮರಳಿ ನಮ್ಮ ಪೇಟೆಗೆ ಮಾರಾಟಕ್ಕೆ ಬಂದಿತು. ಮರಾಠಿ ಮಂಡಳಿಗಳ ಮುಂದೆ ಕನ್ನಡಿಗರೇ ಕೈಕಟ್ಟಿ ಕುಳಿತಿದ್ದ ಆ ಕಾಲದಲ್ಲಿ, ಗದಗಿನ ಕಡೆ ಸಕ್ಕರಿ ಬಾಳಾಚಾರ್ಯರು—‘ಶಾಂತಕವಿ’ಗಳು (1856–1920)—ಕನ್ನಡ ನಾಟಕಗಳನ್ನು ಬರೆದು, ಮಂಡಳಿಯನ್ನು ಕಟ್ಟಿ, ಸ್ವಭಾಷೆಯ ಮಾನವನ್ನು ಉಳಿಸಿದರು. ಭಾಷೆಯ ಹೋರಾಟವು ಸಭೆಗಳಲ್ಲಿ ಆರಂಭವಾಗುವುದಕ್ಕೆ ಮೊದಲು ನಾಟಕದ ಹಾಡಿನಲ್ಲಿ ಆರಂಭವಾಯಿತೆಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಡತಕ್ಕದ್ದು.

ನಮ್ಮ ಮೈಸೂರಿನ ಕಥೆಯೂ ಇದಕ್ಕೆ ಸಮಾನವಾದುದೇ. ಸಾಂಗ್ಲಿಯ ಮಂಡಳಿಯೂ ಪಾರ್ಸಿ ಕಂಪನಿಗಳೂ ದಕ್ಷಿಣಕ್ಕೆ ಸಂಚಾರ ಬಂದು, ಬಣ್ಣದ ಪರದೆಗಳಿಂದಲೂ ಹೊಸ ಧಾಟಿಯ ಹಾಡುಗಳಿಂದಲೂ ಜನರನ್ನು ಮರುಳುಮಾಡುತ್ತಿದ್ದವು. 1881ರಲ್ಲಿ ರಾಜ್ಯಭಾರವನ್ನು ವಹಿಸಿಕೊಂಡ ಮಹಾರಾಜ ಚಾಮರಾಜೇಂದ್ರ ಒಡೆಯರವರು (1863–1894) ಆಗ ಇನ್ನೂ ಹದಿನೆಂಟರ ತರುಣರು. ಸ್ವತಃ ಪಿಟೀಲು ನುಡಿಸಬಲ್ಲ ರಸಿಕರು. ಪರಭಾಷೆಯವರಿಂದ ಸಾಧ್ಯವಾದುದು ಕನ್ನಡದಲ್ಲಿ ಏಕೆ ಸಾಧ್ಯವಾಗಬಾರದೆಂಬ ಅಭಿಮಾನದಿಂದ ಅವರ ಆಶ್ರಯದಲ್ಲಿ ಶ್ರೀ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ತಲೆಯೆತ್ತಿತು. ಆಸ್ಥಾನಕವಿಗಳಾಗಿದ್ದ ಬಸವಪ್ಪ ಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆಂಬ ಬಿರುದಿಗೆ ಪಾತ್ರರಾದರು. ಭವಭೂತಿಯ ಉತ್ತರರಾಮಚರಿತೆ, ಶ್ರೀಹರ್ಷನ ರತ್ನಾವಳಿ, ಚಂಡಕೌಶಿಕ ಇವೆಲ್ಲ ಅವರ ಲೇಖನಿಯಿಂದ ಕನ್ನಡಕ್ಕೆ ಬಂದವು. ಇಂಗ್ಲಿಷ್ ಬಲ್ಲ ಮಿತ್ರರ ನೆರವಿನಿಂದ ಷೇಕ್ಸ್‌ಪಿಯರನ ಒಥೆಲೋ ನಾಟಕವು ‘ಶೂರಸೇನ ಚರಿತ್ರೆ’ಯಾಯಿತು. ಸಂಸ್ಕೃತ ಶ್ಲೋಕಗಳು ಕನ್ನಡದ ಕಂದಗಳೂ ವೃತ್ತಗಳೂ ಆಗಿ, ರಾಗದಲ್ಲಿ ಅರಳಿ, ಪಂಡಿತನಲ್ಲದವನ ಕಿವಿಗೂ ಬಿದ್ದವು. ಮೈಸೂರು ಸಂಸ್ಥಾನದ ನಾಡಗೀತೆಯನ್ನು ರಚಿಸಿದವರೂ ಇದೇ ಶಾಸ್ತ್ರಿಗಳು. ನಾಡಗೀತೆಗೂ ನಾಟಕದ ಹಾಡಿಗೂ ತಾಯಿಬೇರು ಒಂದೇ ಎಂದ ಮೇಲೆ, ಒಂದಕ್ಕೆ ಎದ್ದು ನಿಂತು ಗೌರವ ತೋರಿಸಿದ ನಾಡು ಇನ್ನೊಂದನ್ನು ಕೂಗಾಟವೆಂದು ಹೇಳುವುದು ಹೇಗೆ?

ಪತ್ರ ಬರೆದವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ಅರಮನೆಯ ಶಾಕುಂತಲಕ್ಕೂ ಕೊಪ್ಪಲಿನ ಕುರುಕ್ಷೇತ್ರಕ್ಕೂ ಏನು ಸಂಬಂಧ? ಸಂಬಂಧವಿದೆ. ವೀಣೆ ಶೇಷಣ್ಣನವರಂತಹ ವೈಣಿಕರು ಬೆಳಗಿಸಿದ ನಗರದಲ್ಲಿ, ಪೇಟೆಯ ಜನರ ಕಿವಿಯೂ ಕ್ರಮವಾಗಿ ಸಂಸ್ಕಾರಗೊಂಡಿತು. 1882ರ ವೇಳೆಗೆ ಬೆಂಗಳೂರು ಮೈಸೂರುಗಳ ನಡುವೆ ರೈಲುದಾರಿಯು ಸಿದ್ಧವಾಗಿ, ಪರದೆ ಪೆಟ್ಟಿಗೆಗಳನ್ನು ಹೊತ್ತು ತಿರುಗುವ ಕಂಪನಿಗಳಿಗೆ ಅನುಕೂಲವಾಯಿತು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಒಂದು ಮಂಡಳಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿನ ಮೂಲೆಮೂಲೆಯನ್ನೂ ಮುಟ್ಟಿತು. ಅರಮನೆಯ ನಾಟಕಗಳನ್ನು ಕಂಡು ಬೆಳೆದ ಈ ನಗರದಲ್ಲಿ ಎ. ವಿ. ವರದಾಚಾರ್ಯರು (1869–1926) ರತ್ನಾವಳಿ ಕಂಪನಿಯನ್ನು ಕಟ್ಟಿ, ತಮ್ಮ ಕಂಠಶ್ರೀಯಿಂದ ಸಾಮಾನ್ಯರನ್ನೂ ವಿದ್ವಾಂಸರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ಕಂಪನಿಯು ಊರು ಬಿಟ್ಟು ಹೋದ ಮೇಲೆಯೂ ಹಾಡು ಊರಿನಲ್ಲೇ ಉಳಿಯಿತು. ಗಾಡಿ ಹೊಡೆಯುವವನು, ತಿಗರಿ ತಿರುಗಿಸುವವನು, ನೇಗಿಲು ಹಿಡಿದವನು ಅದನ್ನು ಗುನುಗಿದರು. ಕ್ರಮೇಣ ತಾವೇ ಮೇಷ್ಟರನ್ನು ಕರೆಸಿ ಕಲಿತರು. ತಾವೇ ಬಣ್ಣ ಹಚ್ಚಿಕೊಂಡರು. ಅರಮನೆಯಿಂದ ಪೇಟೆಗೆ, ಪೇಟೆಯಿಂದ ಕೊಪ್ಪಲಿಗೆ ಹೀಗೆ ಹರಿದು ಬಂದ ನೀರು ಇದು. ಒಂಟಿಕೊಪ್ಪಲು, ಕನ್ನೇಗೌಡನ ಕೊಪ್ಪಲು, ಕುಂಬಾರಕೊಪ್ಪಲುಗಳು ಒಂದು ಕಾಲಕ್ಕೆ ನಗರದ ಹೊರಗಿದ್ದ ಹಳ್ಳಿಗಳು; ಇಂದು ನಗರವೇ ಬೆಳೆದು ಅವನ್ನು ಒಳಗೆ ಹಾಕಿಕೊಂಡಿದೆ. ಕೊಪ್ಪಲಿನವರು ನಮ್ಮ ಬಡಾವಣೆಗಳ ನಡುವೆ ಬಂದು ಕೂತವರಲ್ಲ. ನಾವು ಅವರ ನಡುವೆ ಮನೆ ಕಟ್ಟಿಕೊಂಡವರು. ಇದನ್ನು ಮರೆತು ದೂರು ಬರೆಯಬಾರದು.

ಈ ಹಾಡುಗಳಿಗೆ ದೋಷಗಳಿಲ್ಲವೆಂದು ನಾವು ವಾದಿಸುವುದಿಲ್ಲ. ರಣರಂಗದಲ್ಲಿ ಶತ್ರುವನ್ನು ಎದುರಿಗೆ ನಿಲ್ಲಿಸಿಕೊಂಡು ಅರ್ಧ ಗಂಟೆ ರಾಗಾಲಾಪನೆ ಮಾಡುವ ವೀರನೂ, ಸತ್ತು ಬಿದ್ದ ಮೇಲೆ ‘ವನ್ಸ್ ಮೋರ್’ ಎಂಬ ಕೂಗು ಕೇಳಿ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಸಾಯುವ ರಾಜನೂ ಕಂಪನಿ ನಾಟಕದ ಹಾಸ್ಯಕಥೆಗಳಾಗಿ ಇಂದಿಗೂ ಉಳಿದಿದ್ದಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹವ್ಯಾಸಿ ಮಂಡಳಿಗಳವರು ಹಾಡುಗಳ ಈ ಅತಿರೇಕಕ್ಕೆ ಕತ್ತರಿ ಹಾಕಿದುದು ತಕ್ಕ ಸುಧಾರಣೆಯೇ ಆಗಿದ್ದಿತು. ಆದರೆ ಕೊಂಬೆಯನ್ನು ಸವರಹೊರಟವರು ಬುಡಕ್ಕೇ ಕೊಡಲಿ ಹಾಕಕೂಡದಷ್ಟೆ.

ಹಾರ್ಮೋನಿಯಂ ವಿಷಯವನ್ನೇ ನೋಡಿರಿ. 1840ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದ ಈ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದ್ದು 1875ರ ಸುಮಾರಿಗೆ ಕಲ್ಕತ್ತೆಯಲ್ಲಿ. ನಾಟಕದ ಕಂಪನಿಗಳವರು ಕಾಲಿನಿಂದ ತಿದಿಯೊತ್ತುವ ದೊಡ್ಡ ಹಾರ್ಮೋನಿಯಂಗಳನ್ನೂ ರಂಗದ ಮಗ್ಗುಲಲ್ಲಿಟ್ಟರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ, ಸಾವಿರ ಜನರ ಕೊನೆಯ ಸಾಲಿಗೂ ಮಾತು ಮುಟ್ಟಬೇಕಾದರೆ ನಟನು ಎತ್ತರದ ಶ್ರುತಿಯಲ್ಲಿ, ಅಕ್ಷರವನ್ನು ಒಡೆದು, ತೆರೆದ ಗಂಟಲಿನಲ್ಲಿ ಹಾಡಬೇಕಾಗಿತ್ತು. ಆ ಶ್ರುತಿಯನ್ನು ಬಿಡದೆ ಹಿಡಿದುಕೊಡುವ ಗಟ್ಟಿಯಾದ ವಾದ್ಯವೂ ಬೇಕಾಗಿತ್ತು. ಪತ್ರ ಬರೆದವರು ಕೂಗೆಂದು ಕರೆಯುವುದು ಈ ಅಗತ್ಯದಿಂದ ಹುಟ್ಟಿದ ಒಂದು ವಿದ್ಯೆ. ಗಮಕಗಳಿಗೆ ಹೊಂದದ ವಾದ್ಯವೆಂದು ಶಾಸ್ತ್ರಜ್ಞರು ಹಾರ್ಮೋನಿಯಂ ಅನ್ನು ದೂಷಿಸಿದರು. ಪರಾಧೀನತೆಯ ಕಾಲದ ಬಾನುಲಿ ಅಧಿಕಾರಿಗಳು 1940ರಲ್ಲಿ ಅದನ್ನು ನಿಷೇಧಿಸಿದರು. ಸ್ವಾತಂತ್ರ್ಯ ಬಂದು ಎರಡು ದಶಕಗಳು ಕಳೆದರೂ 1971ರವರೆಗೆ ಆ ನಿಷೇಧ ಸಡಿಲವಾಗಲಿಲ್ಲ. 1935ರಲ್ಲಿ ‘ಆಕಾಶವಾಣಿ’ಯೆಂಬ ಹೆಸರನ್ನು ಕೊಟ್ಟ ಊರು ಮೈಸೂರು, ಅದೇ ಊರಿನ ಕೊಪ್ಪಲುಗಳ ವಾದ್ಯಕ್ಕೆ ಮೂರು ದಶಕಗಳ ಕಾಲ ಆ ಆಕಾಶದಲ್ಲಿ ಎಡೆಯಿರಲಿಲ್ಲ! ಶಾಸ್ತ್ರದ ಆಕ್ಷೇಪವು ಸರಿಯೇ ಇರಬಹುದು; ಆದರೆ ಜನರು ಒಪ್ಪಿ ತಲೆಯ ಮೇಲೆ ಹೊತ್ತುಕೊಂಡದ್ದನ್ನು ಅಪ್ಪಣೆಯಿಂದ ಇಳಿಸಲಾಗುವುದಿಲ್ಲವೆಂಬುದಕ್ಕೆ ಇದೇ ನಿದರ್ಶನ.

ಈಗ ನಷ್ಟದ ಲೆಕ್ಕವನ್ನು ನೋಡೋಣ. ಹಳೆಯ ನಾಟಕದ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಹಾಡಿನ ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು, ಅವುಗಳ ಜೊತೆಗೆ ಇಂಥ ಹಾಡಿನ ಮಟ್ಟು ಎಂದು ಇನ್ನೊಂದು ಹಾಡಿನ ಗುರುತು ಅಚ್ಚಾಗಿರುತ್ತದೆ; ಸ್ವರಲಿಪಿ ಮಾತ್ರ ಇರುವುದಿಲ್ಲ. ಆ ಕಾಲದವರಿಗೆ ಅಷ್ಟೇ ಸಾಕಾಗಿತ್ತು, ಏಕೆಂದರೆ ಆ ಇನ್ನೊಂದು ಹಾಡು ಎಲ್ಲರ ಬಾಯಲ್ಲೂ ಇದ್ದಿತು. ಇಂದು ಆ ಇನ್ನೊಂದು ಹಾಡನ್ನು ಬಲ್ಲವರೇ ಇಲ್ಲವಾಗುತ್ತಿರುವಾಗ, ಪುಸ್ತಕವಿದ್ದೂ ಹಾಡಿಲ್ಲದ ಸ್ಥಿತಿ ಬರುತ್ತಿದೆ. ಬೀಗವಿದೆ, ಬೀಗದಕೈ ಇಲ್ಲ. ನಮ್ಮ ದೇಶದಲ್ಲಿ ಗ್ರಾಮಫೋನು ಮುದ್ರಣ ಆರಂಭವಾದದ್ದೇ 1902ರಲ್ಲಿ, ಕಲ್ಕತ್ತೆಯಲ್ಲಿ. ಆದುದರಿಂದ ಚಾಮರಾಜೇಂದ್ರ ಒಡೆಯರವರ ಕಾಲದ ರಂಗದ ಧ್ವನಿಯು ಯಾವ ತಟ್ಟೆಯಲ್ಲೂ ಸೆರೆಯಾಗಿಲ್ಲ. ಆ ಧಾಟಿಗಳಿಗೆ ಉಳಿದಿರುವ ಭಂಡಾರ ಒಂದೇ: ಗುರುವಿನಿಂದ ಶಿಷ್ಯನಿಗೆ, ಆ ಶಿಷ್ಯನಿಂದ ಅವನ ಶಿಷ್ಯನಿಗೆ ಬಾಯಿಂದ ಬಾಯಿಗೆ ಬಂದ ನಾಟಕದ ಮೇಷ್ಟರ ಕಂಠ. ನಮ್ಮ ಪತ್ರಮಿತ್ರರ ನಿದ್ರೆಯನ್ನು ಕೆಡಿಸಿದ ಹಾರ್ಮೋನಿಯಂ ಮುಂದೆ ಕುಳಿತಿದ್ದವರು ಅಂಥವರಲ್ಲಿ ಒಬ್ಬರಾಗಿರಬಹುದಲ್ಲವೆ? ಅವರು ಕಣ್ಣು ಮುಚ್ಚಿದರೆ ಒಂದು ಪುಸ್ತಕಭಂಡಾರವು ಸುಟ್ಟಂತೆಯೇ ಸರಿ.

ಈ ಮಾತು ಅತಿಶಯೋಕ್ತಿಯೆಂದು ತೋರುವವರು ಇನ್ನೊಂದು ದೃಷ್ಟಾಂತವನ್ನು ಆಲೋಚಿಸಲಿ. ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ ಹಲಗಲಿಯ ಬೇಡರ ದಂಗೆಯನ್ನೂ ಹಾಡುತ್ತಿದ್ದ ಲಾವಣಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿ, ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದವರು ಯಾರು? ಯಾವ ಸರ್ಕಾರದ ವಿರುದ್ಧ ಆ ವೀರರು ಕತ್ತಿ ಹಿರಿದರೋ ಅದೇ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಸಾಹೇಬರು! ನಮ್ಮ ವೀರರ ಹಾಡನ್ನು ನಮಗೆ ಉಳಿಸಿಕೊಡುವುದಕ್ಕೆ ಆಳುವವರ ಅಧಿಕಾರಿ ಬೇಕಾಯಿತು. ಆಗ ನಮ್ಮ ಪಂಡಿತರು ಅವನ್ನು ಭಿಕ್ಷುಕರ ಪದವೆಂದು ಬದಿಗೆ ಸರಿಸಿದ್ದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮಷ್ಟು ಶ್ರದ್ಧೆಯಿಂದ ಆಚರಿಸುವ ಜನ ಬೇರೆ ಇರಲಾರರು. ಆಳುವವರಿಗಾದರೋ ಹಾಡಿನ ಬಲ ಚೆನ್ನಾಗಿ ಗೊತ್ತಿದ್ದಿತು. 1876ರಲ್ಲಿಯೇ ಅವರು ನಾಟಕ ಪ್ರದರ್ಶನಗಳನ್ನು ಹತ್ತಿಕ್ಕುವ ಕಾಯಿದೆಯೊಂದನ್ನು ಮಾಡಿಟ್ಟಿದ್ದರು. ಭಯಪಟ್ಟವನು ಬೆಲೆಯನ್ನು ಅರಿತಿದ್ದನು, ಒಡೆತನವಿದ್ದವನು ಅರಿಯಲಿಲ್ಲ.

ಈ ಹಾಡುಗಳಿಂದ ಮುಂದೆ ಏನು ಬೆಳೆಯಿತೆಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ನಾಟಕದವರೇ ಕೂಡಿ ಮಾಡಿದುದು. ‘ಬೇಡರ ಕಣ್ಣಪ್ಪ’ನಾಗಿ 1954ರಲ್ಲಿ ನಾಡಿಗೆ ಪರಿಚಿತರಾದ ರಾಜಕುಮಾರರು ಗುಬ್ಬಿಯ ಕಂಪನಿಯ ನೆರಳಿನಲ್ಲಿ ಪಳಗಿದವರು. ಬಾಲ್ಯದಲ್ಲಿ ಮನೆ ಬಿಟ್ಟು ಅದೇ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರು ಮುಂದೆ ರಂಗಸಂಗೀತಕ್ಕೆ ಹೊಸ ಜೀವವನ್ನು ಕೊಟ್ಟು, 1989ರಲ್ಲಿ ಇದೇ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿ ನಿಲ್ಲಿಸಿದರು. ಇಂತಹ ಮರಕ್ಕೆ ಬೇರಾದುದನ್ನು ನಿರುಪಯೋಗವೆನ್ನುವುದು ವಿವೇಕವಲ್ಲ.

ಕೊಪ್ಪಲಿನ ನಾಟಕದಲ್ಲಿ ಇನ್ನೊಂದು ವಿಶೇಷವಿದೆ. ಅದು ಪಟ್ಟಣವಾಸಿಗಳಾದ ನಮ್ಮನ್ನು ನಾಚಿಸತಕ್ಕದ್ದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಪಾತ್ರಧಾರಿಯು ಹಣ ತೆಗೆದುಕೊಳ್ಳುವುದಿಲ್ಲ; ತಾನೇ ಹಣ ಕೊಡುತ್ತಾನೆ. ದುರ್ಯೋಧನನಿಗೆ ಇಷ್ಟು, ಶ್ರೀಕೃಷ್ಣನಿಗೆ ಇಷ್ಟು ಎಂದು ಪಾತ್ರಕ್ಕೆ ತಕ್ಕ ವಂತಿಗೆಯನ್ನು ಹಾಕಿ, ಮೇಷ್ಟರ ಸಂಭಾವನೆಯನ್ನೂ ಸೀನರಿಯ ಬಾಡಿಗೆಯನ್ನೂ ತಾವೇ ಭರಿಸಿ, ಹಗಲೆಲ್ಲ ದುಡಿದು ರಾತ್ರಿ ಕಂದಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ. ಸರ್ಕಾರದ ಧನಸಹಾಯವಿಲ್ಲದೆ ಒಂದು ನಾಟಕವನ್ನೂ ಎತ್ತಲಾರದ ಸುಶಿಕ್ಷಿತ ಸಂಘಗಳು ಎಷ್ಟಿಲ್ಲ? ಶಾಲೆಯಲ್ಲಿ ಕಂದಪದ್ಯವನ್ನು ಕಂಡು ಓಡುವ ಮಕ್ಕಳ ಈ ಕಾಲದಲ್ಲಿ, ಸ್ವಂತ ಹಣ ಕೊಟ್ಟು ಕಂದಪದ್ಯವನ್ನು ಕಲಿಯುವ ಜನರು ನಮ್ಮ ನಡುವೆ ಇರುವುದು ನಾಡಿನ ಪುಣ್ಯ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಸೂಚನೆಗಳು ನಾಲ್ಕು.

ಮೊದಲನೆಯದು ಕೊಪ್ಪಲಿನವರಿಗೆ. ತಾಲೀಮಿಗೆ ಧ್ವನಿವರ್ಧಕವನ್ನು ಕಟ್ಟಬೇಡಿರಿ. ವರದಾಚಾರ್ಯರ ಕಾಲದವರು ಅದಿಲ್ಲದೆಯೇ ಊರನ್ನು ಗೆದ್ದರು. ಬಯಲಿನ ತಾಲೀಮನ್ನು ಹತ್ತು ಗಂಟೆಯೊಳಗೆ ಮುಗಿಸಿರಿ. ನಾಟಕವನ್ನು ದೀಪ ಹಚ್ಚುವ ಹೊತ್ತಿಗೇ ಆರಂಭಿಸಿ ಮಿತವಾದ ಅವಧಿಯಲ್ಲಿ ಆಡಿರಿ. ಹಳೆಯ ಮಟ್ಟುಗಳ ಸ್ಥಳದಲ್ಲಿ ಸಿನಿಮಾ ಧಾಟಿಗಳನ್ನು ತುರುಕುವ ಚಪಲವನ್ನು ಬಿಡಿರಿ. ಅದರಿಂದ ನಿಮ್ಮ ಪಕ್ಷವೇ ದುರ್ಬಲವಾಗುತ್ತದೆ.

ಎರಡನೆಯದು ನಗರಪಾಲಿಕೆಯವರಿಗೆ. ಮುಚ್ಚಿದ ಸಭಾಭವನದಲ್ಲಿ ಕಾನೂನಿನ ಅಡ್ಡಿಯಿಲ್ಲವೆಂದ ಮೇಲೆ, ಕೊಪ್ಪಲುಗಳ ಸಮುದಾಯ ಭವನಗಳನ್ನು ತಾಲೀಮಿಗೆ ಅಲ್ಪ ಬಾಡಿಗೆಗೆ ಬಿಟ್ಟುಕೊಡುವುದಕ್ಕೆ ಏನಡ್ಡಿ? ದಿವಾನ್ ರಂಗಾಚಾರ್ಲುರವರ ಸ್ಮರಣಾರ್ಥವಾಗಿ 1884ರಲ್ಲಿ ಪುರಭವನವನ್ನು ಕಟ್ಟಿದ ನಗರ ಇದು. ಪೌರರು ಕೂಡಿ ಕೇಳುವುದಕ್ಕೆ ಒಂದು ಸೂರು ಬೇಕೆಂಬುದನ್ನು ಅಂದಿನವರು ಅರಿತಿದ್ದರು.

ಮೂರನೆಯದು ಸರ್ಕಾರದವರಿಗೆ. ವರ್ಷದಲ್ಲಿ 15 ದಿನಗಳ ಸಡಿಲಿಕೆಯನ್ನು ನಿಗದಿಮಾಡುವಾಗ ದೊಡ್ಡ ಉತ್ಸವಗಳನ್ನು ಮಾತ್ರ ಎಣಿಸದೆ, ಕೊಪ್ಪಲುಗಳ ಊರಹಬ್ಬದ ನಾಟಕದ ರಾತ್ರಿಯನ್ನೂ ಗಮನಿಸಬೇಕು. ಅದನ್ನು ಮುಂಚಿತವಾಗಿ ಪ್ರಕಟಿಸಿದರೆ ನೆರೆಯವರೂ ಸಹಿಸಿಕೊಳ್ಳುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ತುರ್ತಾದುದು. ಮೈಸೂರು ವಿಶ್ವವಿದ್ಯಾನಿಲಯ, ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯ, ರಂಗಾಯಣ, ಆಕಾಶವಾಣಿ—ಈ ನಾಲ್ಕೂ ಸಂಸ್ಥೆಗಳು ಒಂದೇ ನಗರದಲ್ಲಿವೆ. ಇವುಗಳ ಅಧಿಕಾರಿಗಳು ಒಂದು ದಿನ ಒಟ್ಟಿಗೆ ಕುಳಿತು, ವಯಸ್ಸಾದ ನಾಟಕದ ಮೇಷ್ಟರುಗಳ ಪಟ್ಟಿಯನ್ನು ಮಾಡಿ, ಅವರಿಗೆ ತಕ್ಕ ಸಂಭಾವನೆಯನ್ನು ಕೊಟ್ಟು, ಅವರು ಬಲ್ಲ ಮಟ್ಟುಗಳನ್ನೆಲ್ಲ ಧ್ವನಿಮುದ್ರಿಸಿ, ಸ್ವರಲಿಪಿ ಹಾಕಿಸಿ, ಹಳೆಯ ನಾಟಕದ ಪುಸ್ತಕಗಳೊಡನೆ ಜೋಡಿಸಿಡಬೇಕು. ಇದಕ್ಕೆ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಮುದ್ರಣದ ಯಂತ್ರವಿರುವ ಈ ಕಾಲದಲ್ಲಿ, ಈ ಕೆಲಸವು ಆಗದೆ ಹೋದರೆ ಅದಕ್ಕೆ ಕಾರಣ ಬಡತನವೆಂದು ಯಾರೂ ನಂಬಲಾರರು.

ಕೊನೆಗೆ ನಮ್ಮ ಪತ್ರಮಿತ್ರರಿಗೆ ಒಂದು ವಿಜ್ಞಾಪನೆ. ತಮ್ಮ ನಿದ್ರೆಯ ಹಕ್ಕನ್ನು ನಾವು ಎತ್ತಿಹಿಡಿದಿದ್ದೇವೆ. ಅದಕ್ಕೆ ಪ್ರತಿಯಾಗಿ ತಾವು ಒಂದು ಸಂಜೆ, ಎಚ್ಚರವಾಗಿರುವ ಹೊತ್ತಿನಲ್ಲಿ, ಕೊಪ್ಪಲಿಗೆ ನಡೆದುಹೋಗಿ ಆ ತಾಲೀಮಿನ ಎದುರು ಕುಳಿತು ಕೇಳಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಒಂದೂವರೆ ಶತಮಾನದ ಕಾಲ ಅನೇಕ ಕೈಗಳು ತಿದ್ದಿ ತಟ್ಟಿ ಮಾಡಿದ ಮಡಕೆ ಇದು. ದೊಣ್ಣೆಯೆತ್ತುವುದಕ್ಕೆ ಮೊದಲು ಅದರಲ್ಲಿ ಏನಿದೆಯೆಂದು ಬಗ್ಗಿ ನೋಡುವುದು ಒಳ್ಳೆಯದು.